ಬಾನೆಟ್ ತೆರೆದರೆ ಬಳಗ

ಅಮೆರಿಕದ ಆಧುನಿಕ ಮಸಲ್ ಕಾರುಗಳ ಶಕ್ತಿಯನ್ನು ಯಾವ ಸಾರ್ವಜನಿಕ ರಸ್ತೆಯಲ್ಲೂ ಪೂರ್ತಿ ಬಳಸಲಾಗದು. ಹೀಗಿದ್ದೂ ಅವುಗಳ ಸುತ್ತ ಇಷ್ಟು ದೊಡ್ಡ ಅಭಿಮಾನಿ ಬಳಗ ಬೆಳೆದದ್ದು ಹೇಗೆ?

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಒಂದು ವಿಚಿತ್ರ ನೋಡಲು ಸಿಗುತ್ತದೆ. ನಿಂತಲ್ಲಿಂದ ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಗಂಟೆಗೆ ನೂರು ಕಿಲೊಮೀಟರ್ ವೇಗ ಮುಟ್ಟಬಲ್ಲ ಕಾರುಗಳು ವುಡ್‌ವರ್ಡ್ ಅವೆನ್ಯೂ ಎಂಬ ಹಳೆಯ ಹೆದ್ದಾರಿಯಲ್ಲಿ ಎತ್ತಿನಗಾಡಿಯ ನಡೆಯಲ್ಲಿ ಸಾಗುತ್ತವೆ. ಹಾಗೆ ತೆವಳುವುದಕ್ಕೆಂದೇ ಅವುಗಳ ಮಾಲೀಕರು ದೂರದ ರಾಜ್ಯಗಳಿಂದ ಬಂದಿರುತ್ತಾರೆ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಪಟ್ಟಣದವರೆಗೆ, ಸುಮಾರು 25 ಕಿಲೊಮೀಟರ್ ಉದ್ದಕ್ಕೂ ರಸ್ತೆಯ ಎರಡೂ ಬದಿಯಲ್ಲಿ ಜನ ಮಡಚು ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಸಂಘಟಕರ ಅಂದಾಜಿನಲ್ಲಿ ಕಾರುಗಳು 40 ಸಾವಿರ, ನೋಡುಗರು ಹತ್ತು ಲಕ್ಷ.

ಇದು ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಲ್ಲಿ ಫರ್ನ್‌ಡೇಲ್‌ನಲ್ಲಿ ಸಾಕರ್ ಮೈದಾನವೊಂದಕ್ಕೆ ಹಣ ಕೂಡಿಸಲು ಆರಂಭವಾದ ಮೆರವಣಿಗೆ ಈಗ ಊರ ಜಾತ್ರೆಯಾಗಿದೆ. ರಸ್ತೆಗೂ ತನ್ನದೇ ಚರಿತ್ರೆಯಿದೆ. ಅಮೆರಿಕದ ಮೊದಲ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿಯನ್ನು 1909ರಲ್ಲಿ ಹಾಸಿದ್ದು ಇದರ ಮೇಲೆಯೇ. 1960ರ ದಶಕದಲ್ಲಿ ಫೋರ್ಡ್, ಜನರಲ್ ಮೋಟರ್ಸ್, ಕ್ರೈಸ್ಲರ್ ಕಂಪನಿಗಳ ಎಂಜಿನಿಯರುಗಳು ರಾತ್ರಿ ಹೊತ್ತು ತಮ್ಮ ಪ್ರಯೋಗದ ಕಾರುಗಳನ್ನು ಇಲ್ಲಿಗೆ ತಂದು ಪರಸ್ಪರರ ಬಲ ನೋಡುತ್ತಿದ್ದರು. ಸಿಗ್ನಲ್‌ನಿಂದ ಸಿಗ್ನಲ್‌ಗೆ ನಡೆಯುತ್ತಿದ್ದ ಆ ಕಳ್ಳ ಪಂದ್ಯಗಳ ರಸ್ತೆಯಲ್ಲೇ ಇಂದು ಜನ ನಿಧಾನದ ಹಬ್ಬ ಮಾಡುತ್ತಿದ್ದಾರೆ.

ಮಸಲ್ ಕಾರನ್ನು ಕೊಳ್ಳುವವನು ಒಬ್ಬನೇ. ಅನುಭವಿಸುವುದಕ್ಕೆ ಮಾತ್ರ ನಾಲ್ಕು ಜನ ಬೇಕು. ಆ ನಾಲ್ಕು ಜನ ಅದರ ಸಂತೋಷವನ್ನು ಹೆಚ್ಚಿಸುತ್ತಾರೆ, ಅದರ ಅಪಾಯವನ್ನು ತಗ್ಗಿಸುತ್ತಾರೆ. ಮಸಲ್ ಕಾರಿನ ಅತ್ಯಂತ ಬಲವಾದ ಬ್ರೇಕು ಅದರ ಬಳಗವೇ.

ಸಾಮಾನ್ಯರ ಕೈಗೆ ವೇಗ

ಮಸಲ್ ಕಾರಿನ ಸೂತ್ರ ಸರಳ. ಸಾಧಾರಣ ಬೆಲೆಯ, ಸಾಧಾರಣ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸುವುದು. 1964ರಲ್ಲಿ ಪಾಂಟಿಯಾಕ್ ಕಂಪನಿಯ ಮುಖ್ಯ ಎಂಜಿನಿಯರಾಗಿದ್ದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಮಾತೃಸಂಸ್ಥೆ ಜನರಲ್ ಮೋಟರ್ಸ್ ಈ ಗಾತ್ರದ ಕಾರುಗಳಿಗೆ 5.4 ಲೀಟರಿಗಿಂತ ದೊಡ್ಡ ಎಂಜಿನ್ ಹಾಕಕೂಡದೆಂದು ಕಟ್ಟಳೆ ವಿಧಿಸಿತ್ತು. ಹೊಸ ಕಾರೆಂದು ಹೇಳಿದರೆ ಮೇಲಿನವರ ಒಪ್ಪಿಗೆ ಬೇಕು. ಹಾಗಾಗಿ ಟೆಂಪೆಸ್ಟ್ ಎಂಬ ಇದ್ದ ಕಾರಿಗೇ 6.4 ಲೀಟರಿನ ವಿ8 ಎಂಜಿನ್ನನ್ನು 'ಹೆಚ್ಚುವರಿ ಸೌಲಭ್ಯ'ವಾಗಿ ಸೇರಿಸಿ, ಜಿಟಿಒ ಎಂದು ಹೆಸರಿಟ್ಟರು. ಐದು ಸಾವಿರ ಹೋದರೆ ಹೆಚ್ಚೆಂದುಕೊಂಡಿದ್ದ ಕಾರು ಮೊದಲ ವರ್ಷವೇ 32 ಸಾವಿರಕ್ಕೂ ಮಿಕ್ಕಿ ಮಾರಾಟವಾಯಿತು.

ಅದೇ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ತನ್ನ ಮಸ್ಟಾಂಗ್ ಬಿಡುಗಡೆ ಮಾಡಿತು. ಮೊದಲ ಹನ್ನೆರಡು ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಅದನ್ನು ಕೊಂಡರು. ಅದಕ್ಕೆ ಎದುರಾಳಿಯಾಗಿ ಷೆವ್ರೊಲೆ ಕಂಪನಿ 1967ರ ಮಾದರಿಯಾಗಿ ಕಮಾರೊವನ್ನೂ, ಡಾಡ್ಜ್ 1970ರ ಮಾದರಿಯಾಗಿ ಚಾಲೆಂಜರನ್ನೂ ತಂದವು. ಮಸ್ಟಾಂಗ್, ಕಮಾರೊ ಚಿಕ್ಕ ಮೈಕಟ್ಟಿನ 'ಪೋನಿ ಕಾರು'ಗಳೇ ಹೊರತು ಮಸಲ್ ಕಾರುಗಳಲ್ಲ ಎಂದು ಶುದ್ಧವಾದಿಗಳು ಇಂದಿಗೂ ವಾದಿಸುತ್ತಾರೆ. ಆ ವಾದ ತೀರುವುದೂ ಇಲ್ಲ, ತೀರಬೇಕೆಂದು ಯಾರಿಗೂ ಇಲ್ಲ.

ಗಮನಿಸಬೇಕಾದದ್ದು ಈ ಕಾರುಗಳ ಗಿರಾಕಿ ಯಾರೆಂಬುದನ್ನು. ಯುರೋಪಿನ ವೇಗದ ಕಾರುಗಳು ಸಿರಿವಂತರಿಗೆ ಮೀಸಲಾಗಿದ್ದಾಗ ಇವು ಕಾರ್ಖಾನೆಯ ಕೆಲಸಗಾರ, ಶಾಲೆಯ ಮೇಷ್ಟ್ರು, ಸೈನ್ಯದಿಂದ ಮರಳಿದ ಹುಡುಗನ ಕೈಗೆಟುಕಿದವು. ದುಡ್ಡು ಕಡಿಮೆ ಇದ್ದವನು ರಿಪೇರಿಯನ್ನು ತಾನೇ ಮಾಡಿಕೊಳ್ಳಬೇಕು. ತನಗೆ ಗೊತ್ತಿಲ್ಲದ್ದನ್ನು ಪಕ್ಕದ ಮನೆಯವನನ್ನು ಕೇಳಬೇಕು. ಬಳಗ ಹುಟ್ಟಿದ್ದು ಈ ಕೇಳಿಕೆಯಿಂದ.

ಮಲಗಿದ್ದು, ಎದ್ದದ್ದು

ಮೊದಲ ವೈಭವ ಹತ್ತು ವರ್ಷವೂ ಬಾಳಲಿಲ್ಲ. ವಿಮಾ ಕಂಪನಿಗಳು ಇಂಥ ಕಾರುಗಳ ಕಂತನ್ನು ಏರಿಸಿದವು. 1970ರ ಶುದ್ಧ ಗಾಳಿ ಕಾಯ್ದೆ ಹೊಗೆಗೆ ಮಿತಿ ಹಾಕಿತು. ಸೀಸರಹಿತ ಪೆಟ್ರೋಲಿಗೆ ಹೊಂದಿಸಲು ಎಂಜಿನ್ನುಗಳ ಕಂಪ್ರೆಷನ್ ಇಳಿಸಬೇಕಾಯಿತು. 1973ರ ಅರಬ್ ತೈಲ ನಿರ್ಬಂಧ ಕೊನೆಯ ಏಟು ಕೊಟ್ಟಿತು. 1974ರ ಮಸ್ಟಾಂಗ್‌ಗೆ ಅಮೆರಿಕದಲ್ಲಿ ವಿ8 ಎಂಜಿನ್ನೇ ಇರಲಿಲ್ಲ. ಅದರ ನಾಲ್ಕು ಸಿಲಿಂಡರಿನ ಎಂಜಿನ್ 88 ಅಶ್ವಶಕ್ತಿ ಕೊಡುತ್ತಿತ್ತು. ಮಸ್ಟಾಂಗ್ ಹೇಗೋ ಉಳಿಯಿತು. ಕಮಾರೊ 2002ರಲ್ಲಿ ಒಮ್ಮೆ ನಿಂತುಹೋಯಿತು. ಜಿಟಿಒ ಹೆತ್ತ ಪಾಂಟಿಯಾಕ್ ಬ್ರ್ಯಾಂಡ್ ಮುಂದೆ ಬಾಗಿಲನ್ನೇ ಮುಚ್ಚಿತು.

ಎರಡನೇ ಜನ್ಮ ಬಂದದ್ದು 2005ರಲ್ಲಿ. 1960ರ ದಶಕದ ಮೈಕಟ್ಟನ್ನು ನೆನಪಿಸುವ ಹೊಸ ಮಸ್ಟಾಂಗ್ ಜನರನ್ನು ಸೆಳೆಯಿತು. 2008ರಲ್ಲಿ ಚಾಲೆಂಜರ್, ಅದರ ಬೆನ್ನಿಗೇ 2010ರ ಮಾದರಿಯಾಗಿ ಕಮಾರೊ ಮರಳಿದವು. ರೂಪ ಹಳೆಯದು, ಒಳಗಿನದೆಲ್ಲ ಹೊಸದು. ಹಳೆಯ ಮಸಲ್ ಕಾರು ನೇರ ಓಡುತ್ತಿತ್ತು, ಆದರೆ ತಿರುವಿನಲ್ಲಿ ತಡವರಿಸುತ್ತಿತ್ತು, ನಿಲ್ಲಲು ಹೆಣಗುತ್ತಿತ್ತು. ಹೊಸದಕ್ಕೆ ಎಬಿಎಸ್, ಏರ್‌ಬ್ಯಾಗ್, ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಹಿಂಬದಿಯ ಎರಡೂ ಗಾಲಿಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಬಂದವು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಸಂಜೆ ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗಬಹುದಾದ ಕಾರು ಇದು.

ಶಕ್ತಿಯ ಪೈಪೋಟಿ ಮಾತ್ರ ಮಿತಿ ಮೀರಿತು. 2015ರ ಚಾಲೆಂಜರ್ ಹೆಲ್‌ಕ್ಯಾಟ್‌ನ 6.2 ಲೀಟರಿನ ಸೂಪರ್‌ಚಾರ್ಜ್ಡ್ ವಿ8 ಎಂಜಿನ್ 707 ಅಶ್ವಶಕ್ತಿ ಹೊರಡಿಸಿತು. ಬೆಲೆ ಸುಮಾರು 60 ಸಾವಿರ ಡಾಲರ್. ಆ ದುಡ್ಡಿಗೆ ಅಷ್ಟು ಶಕ್ತಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಕಂಪನಿ ಎರಡು ಕೀಲಿ ಕೊಟ್ಟಿತು. ಕೆಂಪು ಕೀಲಿಯಲ್ಲಿ ಪೂರ್ತಿ ಶಕ್ತಿ, ಕಪ್ಪು ಕೀಲಿಯಲ್ಲಿ 500ಕ್ಕೆ ಮಿತಿ. 2018ರ ಡೀಮನ್ ಮಾದರಿ 808 ಅಶ್ವಶಕ್ತಿಯದು, ರೇಸಿಂಗ್ ಇಂಧನ ಹಾಕಿದರೆ 840. ತೂಕ ಉಳಿಸಲು ಅದು ಚಾಲಕನ ಸೀಟೊಂದರೊಡನೆ ಮಾತ್ರ ಬರುತ್ತಿತ್ತು. ಪಕ್ಕದ ಸೀಟು ಬೇಕೆಂದರೆ ಒಂದು ಡಾಲರ್ ಹೆಚ್ಚಿಗೆ ಕೊಡಬೇಕಿತ್ತು. ಜೊತೆಗಾರನಿಗೆ ಅಷ್ಟು ಅಗ್ಗದ ಬೆಲೆ ಕಟ್ಟಿದ ಕಾರು ಬೇರೊಂದಿಲ್ಲ.

ಗುಡುಗಿನ ಗುಟ್ಟು

ಅಭಿಮಾನಿಗಳನ್ನು ಕೇಳಿದರೆ ಶಕ್ತಿಗಿಂತ ಮೊದಲು ಸದ್ದಿನ ಮಾತೆತ್ತುತ್ತಾರೆ. ವಿ8 ಎಂಜಿನ್ನಿನಲ್ಲಿ ನಾಲ್ಕು ನಾಲ್ಕು ಸಿಲಿಂಡರುಗಳ ಎರಡು ಸಾಲುಗಳಿವೆ. ಅಮೆರಿಕದ ವಿ8ಗಳು ಬಹುಪಾಲು 'ಕ್ರಾಸ್‌ಪ್ಲೇನ್' ಕ್ರ್ಯಾಂಕ್‌ಶಾಫ್ಟ್ ಬಳಸುತ್ತವೆ. ಒಂದು ತುದಿಯಿಂದ ನೋಡಿದರೆ ಅದು ಶಿಲುಬೆಯಾಕಾರದಲ್ಲಿ ಕಾಣುತ್ತದೆ. ಇಡೀ ಎಂಜಿನ್ನಿನಲ್ಲಿ ಇಂಧನ ಸಮ ಅಂತರದಲ್ಲಿ ಸಿಡಿದರೂ ಒಂದೊಂದು ಸಾಲನ್ನೇ ತೆಗೆದುಕೊಂಡರೆ ಸಿಡಿತಗಳ ನಡುವಿನ ಅಂತರ ಏರುಪೇರಾಗಿರುತ್ತದೆ. ಸೈಲೆನ್ಸರ್ ಕೊಳವೆಯಲ್ಲಿ ಆ ಲಯಭಂಗವೇ ಗುಡುಗಾಗಿ ಹೊರಬರುತ್ತದೆ. ಫೋರ್ಡ್ ತನ್ನ ಶೆಲ್ಬಿ ಜಿಟಿ350 ಮಸ್ಟಾಂಗ್‌ಗೆ ಬೇರೆ ಬಗೆಯ 'ಫ್ಲ್ಯಾಟ್‌ಪ್ಲೇನ್' ಕ್ರ್ಯಾಂಕ್ ಹಾಕಿತು. ಅದರ ಎಂಜಿನ್ ನಿಮಿಷಕ್ಕೆ 8,250 ಸುತ್ತು ಸುತ್ತುತ್ತದೆ, ಸದ್ದು ಗುಡುಗಿನಿಂದ ಚೀತ್ಕಾರಕ್ಕೆ ಏರುತ್ತದೆ. ಹೆಲ್‌ಕ್ಯಾಟ್‌ದು ಇನ್ನೊಂದು ದನಿ: ಗುಡುಗಿನ ಮೇಲೆ ಸೂಪರ್‌ಚಾರ್ಜರಿನ ಸಿಳ್ಳೆ. ಪಳಗಿದ ಅಭಿಮಾನಿ ಕಣ್ಣು ಮುಚ್ಚಿಕೊಂಡೇ ಬಂದ ಕಾರು ಯಾವುದೆಂದು ಹೇಳುತ್ತಾನೆ.

ಪಾರ್ಕಿಂಗ್ ಜಾಗದ ಶಿಷ್ಟಾಚಾರ

ಬಳಗ ಸೇರುವ ಅತಿ ಸರಳ ರೂಪ 'ಕಾರ್ಸ್ ಅಂಡ್ ಕಾಫಿ'. ಶನಿವಾರವೋ ಭಾನುವಾರವೋ ಬೆಳ್ಳಂಬೆಳಿಗ್ಗೆ ಅಂಗಡಿಗಳು ತೆರೆಯುವ ಮುನ್ನ ಯಾವುದಾದರೂ ಮಾಲ್‌ನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಬಹುತೇಕ ಕಡೆ ಟಿಕೆಟ್ ಇಲ್ಲ, ವೇದಿಕೆ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಕೈಯಲ್ಲೊಂದು ಕಾಫಿ ಲೋಟ, ಎತ್ತಿಟ್ಟ ಬಾನೆಟ್, ಅದರ ಸುತ್ತ ಮೂರ್ನಾಲ್ಕು ತಲೆ.

ಬಾನೆಟ್ ಎತ್ತಿಟ್ಟರೆ ಅದು ಆಹ್ವಾನ. ಅಪರಿಚಿತ ಬಂದು "ಇದು ಸ್ಟಾಕಾ, ಟ್ಯೂನ್ ಮಾಡಿಸಿದ್ದಾ?" ಎಂದು ಕೇಳಬಹುದು. ಸ್ಟಾಕ್ ಎಂದರೆ ಕಾರ್ಖಾನೆಯಿಂದ ಬಂದ ಹಾಗೆಯೇ ಇರುವುದು. ಟ್ಯೂನ್ ಎಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶ ತಿದ್ದಿರುವುದು. ಮಾತು ಅಲ್ಲಿಂದ ಇ85 ಎಂಬ ಎಥೆನಾಲ್ ಇಂಧನ, ಸೂಪರ್‌ಚಾರ್ಜರಿನ ಚಿಕ್ಕ ಪುಲ್ಲಿ, ಅಂಟುವ ಡ್ರ್ಯಾಗ್ ಟೈರು, ವಾರಂಟಿ ಕಳೆದುಕೊಳ್ಳುವ ಭಯ ಎಂದು ಹರಿಯುತ್ತದೆ. ಮಿಷಿಗನ್‌ನಂಥ ರಾಜ್ಯದಲ್ಲಿ ಇನ್ನೊಂದು ವಿಷಯವೂ ಸೇರುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಲೋಹವನ್ನು ತಿನ್ನುತ್ತದೆ, ಹಾಗಾಗಿ ಹಲವರು ತಿಂಗಳುಗಟ್ಟಲೆ ಕಾರನ್ನು ಮುಸುಕು ಹಾಕಿ ಮಲಗಿಸುತ್ತಾರೆ. ಬ್ಯಾಟರಿ ಸಾಯದಂತೆ, ಪೆಟ್ರೋಲ್ ಕೆಡದಂತೆ, ಇಲಿ ವೈರು ಕಡಿಯದಂತೆ ನೋಡಿಕೊಳ್ಳುವ ಉಪಾಯಗಳು ಬಾಯಿಂದ ಬಾಯಿಗೆ ದಾಟುತ್ತವೆ.

ಬರೆಯದ ಕಾನೂನುಗಳೂ ಇವೆ. ಕೇಳದೆ ಯಾರ ಕಾರನ್ನೂ ಮುಟ್ಟಬಾರದು. ನಿಂತಲ್ಲೇ ಎಂಜಿನ್ ಅಬ್ಬರಿಸಿ ಅಕ್ಕಪಕ್ಕದ ಮನೆಯವರ ನಿದ್ದೆ ಕೆಡಿಸಬಾರದು. ಆರು ಸಿಲಿಂಡರಿನ ಮಸ್ಟಾಂಗ್ ತಂದವನನ್ನು ಹೀಗಳೆಯಬಾರದು. ಎಲ್ಲಕ್ಕಿಂತ ಮುಖ್ಯ, ಹೊರಡುವಾಗ ಗೇಟಿನ ಬಳಿ ಟೈರು ಸುಟ್ಟು ಹೊಗೆ ಎಬ್ಬಿಸಬಾರದು. ಕೊನೆಯದನ್ನು ಮುರಿದವರಿಂದ ಎಷ್ಟೋ ಕೂಟಗಳು ಜಾಗ ಕಳೆದುಕೊಂಡಿವೆ. ಭೇಟಿ ಮುಗಿಸಿ ಹೊರಡುವಾಗ ಜಂಭಕ್ಕೆ ಆಕ್ಸಿಲರೇಟರ್ ಒತ್ತಿ, ಹಿಂಬದಿ ಜಾರಿ, ಜನರ ನಡುವೆಯೇ ನುಗ್ಗಿದ ಮಸ್ಟಾಂಗ್‌ಗಳ ವಿಡಿಯೊಗಳು ಜಗತ್ತಿಗೆಲ್ಲ ನಗೆಪಾಟಲಾಗಿವೆ. ಆದ್ದರಿಂದಲೇ ಹಳಬರು ಹೊಸಬರ ಕಿಟಕಿಗೆ ಬಾಗಿ, "ರಸ್ತೆ ಸೇರುವವರೆಗೆ ನಿಧಾನ" ಎಂದು ಹೇಳಿ ಕಳಿಸುತ್ತಾರೆ.

ಬಾಯಿಬಡಾಯಿಗೂ ಮದ್ದಿದೆ. ಬಳಗವೇ ದುಡ್ಡು ಹಾಕಿ ಒಂದು ದಿನಕ್ಕೆ 'ಡೈನೊ' ಯಂತ್ರವಿರುವ ಗ್ಯಾರೇಜನ್ನು ಗೊತ್ತು ಮಾಡುತ್ತದೆ. ಕಾರಿನ ಹಿಂಗಾಲಿಗಳನ್ನು ಉರುಳೆಗಳ ಮೇಲೆ ಓಡಿಸಿ ನಿಜವಾದ ಶಕ್ತಿ ಎಷ್ಟೆಂದು ಎಲ್ಲರೆದುರು ಅಳೆಯಲಾಗುತ್ತದೆ. ಹೇಳಿದ್ದಕ್ಕೂ ಅಳೆದದ್ದಕ್ಕೂ ನೂರು ಅಶ್ವಶಕ್ತಿಯ ಅಂತರ ಕಂಡವನು ಮುಂದಿನ ವಾರ ಸ್ವಲ್ಪ ಮೆತ್ತಗೆ ಮಾತಾಡುತ್ತಾನೆ.

ಕಾಲು ಮೈಲಿಯ ಪಾಠ

ಇಷ್ಟು ಶಕ್ತಿಯನ್ನು ನಿಜವಾಗಿ ಬಿಚ್ಚುವ ಜಾಗ ಡ್ರ್ಯಾಗ್ ಸ್ಟ್ರಿಪ್. 402 ಮೀಟರ್, ಅಂದರೆ ಕಾಲು ಮೈಲಿ ಉದ್ದದ ನೇರ ಹಾದಿ ಅದು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ಕ್ಯಾಲಿಫೋರ್ನಿಯಾದಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ, ಎನ್‌ಎಚ್‌ಆರ್‌ಎ ಕಟ್ಟಿದರು. ಬೀದಿಯಲ್ಲಿ ಪಂದ್ಯ ಕಟ್ಟಿ ಸಾಯುತ್ತಿದ್ದ ಹುಡುಗರನ್ನು ಕಾವಲಿರುವ ಹಾದಿಗೆ ಕರೆತರುವುದು ಅದರ ಗುರಿ. ಅಮೆರಿಕದ ಹಲವು ಸ್ಟ್ರಿಪ್‌ಗಳು ವಾರದಲ್ಲೊಂದು ಸಂಜೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಡುತ್ತವೆ. ಲೈಸೆನ್ಸ್ ತೋರಿಸಿ, ಕಾರನ್ನು ತಪಾಸಣೆಗೆ ಒಪ್ಪಿಸಿ, ಸಣ್ಣ ಶುಲ್ಕ ಕೊಟ್ಟರೆ ಯಾರು ಬೇಕಾದರೂ ಓಡಿಸಬಹುದು. ಓಟ ಮುಗಿದಾಗ ಕೈಗೆ ಒಂದು ಚೀಟಿ ಸಿಗುತ್ತದೆ. ಹಸಿರು ದೀಪಕ್ಕೆ ಸ್ಪಂದಿಸಿದ ಕ್ಷಣ, ಮೊದಲ 60 ಅಡಿ ದಾಟಿದ ಹೊತ್ತು, ಒಟ್ಟು ಸಮಯ, ಕೊನೆಯ ವೇಗ, ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತವೆ. ಆ ಚೀಟಿ ಹಿಡಿದು ಕಾರುಗಳ ಸಾಲಿಗೆ ಮರಳಿದವನಿಗೆ ಸುತ್ತಲಿನವರೇ ಗುರುಗಳು: "ಟೈರಿನ ಗಾಳಿ ಇಳಿಸು", "ಎಂಜಿನ್ ತಣಿಯಲಿ, ಆಮೇಲೆ ಹೋಗು".

ಇಲ್ಲಿ 'ಬ್ರಾಕೆಟ್ ರೇಸಿಂಗ್' ಎಂಬ ಜಾಣ ಆಟವಿದೆ. ಪ್ರತಿ ಚಾಲಕ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಕಾಲು ಮೈಲಿ ಮುಗಿಸುತ್ತದೆಂದು ಮೊದಲೇ ಹೇಳಬೇಕು. ಒಬ್ಬಳ ಹಳೆಯ ಕಾರಿಗೆ 16 ಸೆಕೆಂಡು, ಎದುರಾಳಿಯ ಚಾಲೆಂಜರ್‌ಗೆ 11 ಸೆಕೆಂಡು ಎಂದಿಟ್ಟುಕೊಳ್ಳಿ. ಆಗ ಅವಳಿಗೆ 5 ಸೆಕೆಂಡು ಮುಂಚೆ ಹಸಿರು ದೀಪ ಬೆಳಗುತ್ತದೆ. ತಾನು ಹೇಳಿದ್ದಕ್ಕಿಂತ ಬೇಗ ಓಡಿದವನು ಎದುರಾಳಿ ತಪ್ಪು ಮಾಡದಿದ್ದರೆ ಸೋತಂತೆ. ಹೀಗಾಗಿ ಗೆಲುವು ದೊಡ್ಡ ಎಂಜಿನ್ನಿಗಲ್ಲ, ತನ್ನ ಕಾರನ್ನು ಚೆನ್ನಾಗಿ ಬಲ್ಲವರಿಗೆ ಸಿಗುತ್ತದೆ. ಅಜ್ಜಿಯ ಕಾಲದ ಸೆಡಾನ್ ಹೆಲ್‌ಕ್ಯಾಟನ್ನು ಸೋಲಿಸುವ ಸಂಜೆಗಳನ್ನು ಬಳಗ ವರ್ಷಗಟ್ಟಲೆ ನೆನೆಯುತ್ತದೆ.

ತಿರುವು ಇಷ್ಟಪಡುವವರಿಗೆ ಆಟೊಕ್ರಾಸ್ ಇದೆ. ವಿಶಾಲ ಬಯಲಲ್ಲಿ ರಬ್ಬರ್ ಕೋನ್‌ಗಳನ್ನಿಟ್ಟು ಮಾಡಿದ ಅಂಕುಡೊಂಕು ಹಾದಿಯಲ್ಲಿ ಒಬ್ಬೊಬ್ಬರಾಗಿ ಓಡುತ್ತಾರೆ. ತಪ್ಪಿದರೆ ಬೀಳುವುದು ಕೋನ್ ಮಾತ್ರ. ತಮ್ಮ ಸರದಿ ಇಲ್ಲದಾಗ ಸ್ಪರ್ಧಿಗಳೇ ಬಿಸಿಲಲ್ಲಿ ನಿಂತು ಬಿದ್ದ ಕೋನ್ ಎತ್ತಿಡಬೇಕು. ಅದರ ಮುಂದಿನ ಹಂತ ರೇಸ್ ಟ್ರ್ಯಾಕಿನ ಚಾಲನಾ ತರಬೇತಿ. ಹೊಸಬರ ಪಕ್ಕದ ಸೀಟಿನಲ್ಲಿ ಹೆಲ್ಮೆಟ್ ತೊಟ್ಟ ಅನುಭವಿ ಕೂರುತ್ತಾನೆ. ಮುಂದಿನ ಕಾರಿನವರು ಕಿಟಕಿಯಿಂದ ಕೈ ತೋರಿಸಿ ದಾರಿ ಬಿಟ್ಟ ಮೇಲಷ್ಟೇ ಹಿಂದಿನವರು ದಾಟಬೇಕು. 500 ಅಶ್ವಶಕ್ತಿ ಕೈಯಲ್ಲಿದ್ದರೂ ಅನುಮತಿಗೆ ಕಾಯುವುದನ್ನು ಇಲ್ಲಿ ಕಲಿಯುತ್ತಾರೆ.

ಬಳಗ ತಪ್ಪಿದ ಕಡೆ

ಈ ಶಿಸ್ತು ಇಲ್ಲದ ಕಡೆ ಏನಾಗುತ್ತದೆಂಬುದೂ ಅಮೆರಿಕದಲ್ಲೇ ಕಾಣುತ್ತದೆ. ನಡುರಾತ್ರಿ ನಾಲ್ಕು ರಸ್ತೆ ಕೂಡುವಲ್ಲಿ ಗುಂಪು ಸೇರಿ, ಸಂಚಾರ ತಡೆದು, ನಡುವೆ ಕಾರನ್ನು ಬುಗುರಿಯಾಡಿಸುವ 'ಸ್ಟ್ರೀಟ್ ಟೇಕೋವರ್' ಹಲವು ನಗರಗಳ ಪೀಡೆಯಾಗಿದೆ. ನೋಡಲು ಬಂದವರು ಸತ್ತಿದ್ದಾರೆ. ಹಲವು ರಾಜ್ಯಗಳು ಕಾರು ವಶಪಡಿಸಿಕೊಳ್ಳುವಷ್ಟು ಕಾನೂನು ಬಿಗಿ ಮಾಡಿವೆ. ಅಲ್ಲಿ ಗುಂಪು ಇದೆ, ಬಳಗ ಇಲ್ಲ. "ಬೇಡ, ಇಲ್ಲಿ ಬೇಡ" ಎಂದು ಹೇಳುವ ಹಿರಿಯನಿಲ್ಲ.

ಶಕ್ತಿಗೆ ಕಳ್ಳರ ಕಣ್ಣೂ ಬಿದ್ದಿದೆ. 2020ರಿಂದ 2022ರವರೆಗಿನ, ಚಾಲೆಂಜರಿನ ಸೋದರ ಕಾರಾದ ಡಾಡ್ಜ್ ಚಾರ್ಜರ್ ಹೆಲ್‌ಕ್ಯಾಟ್ ಕಳವಾಗುವ ಪ್ರಮಾಣ ಸರಾಸರಿಗಿಂತ 60 ಪಟ್ಟು ಹೆಚ್ಚೆಂದು ಅಮೆರಿಕದ ಹೆದ್ದಾರಿ ನಷ್ಟ ದತ್ತಾಂಶ ಸಂಸ್ಥೆ 2023ರಲ್ಲಿ ಹೇಳಿತು. ಗುಪ್ತಸಂಖ್ಯೆ ಒತ್ತದೆ ಚಾಲೂ ಮಾಡಿದರೆ ಎಂಜಿನ್ 3 ಅಶ್ವಶಕ್ತಿಯೂ ಕೊಡದ ಹಾಗೆ ಕಂಪನಿ ಬೀಗ ಹಾಕಬೇಕಾಯಿತು.

ಗುಡುಗು ನಿಂತ ಮೇಲೆ

2023ರ ಡಿಸೆಂಬರಿನಲ್ಲಿ ಕೆನಡಾದ ಬ್ರಾಂಪ್ಟನ್ ಕಾರ್ಖಾನೆಯಿಂದ ಕೊನೆಯ ಚಾಲೆಂಜರ್ ಹೊರಬಂತು. ಅದೇ ಹೊತ್ತಿಗೆ ಮಿಷಿಗನ್‌ನ ಲಾನ್ಸಿಂಗ್‌ನಲ್ಲಿ ಕಮಾರೊ ಎರಡನೇ ಬಾರಿ ನಿಂತಿತು. ಮಸ್ಟಾಂಗ್ ಒಂದೇ ಫ್ಲ್ಯಾಟ್ ರಾಕ್ ಕಾರ್ಖಾನೆಯಲ್ಲಿ ವಿ8 ಎಂಜಿನ್ ಮತ್ತು ಕೈಯಿಂದ ಗೇರು ಬದಲಿಸುವ ಪೆಟ್ಟಿಗೆಯೊಡನೆ ಇನ್ನೂ ತಯಾರಾಗುತ್ತಿದೆ. ಡಾಡ್ಜ್ ಅತ್ತ ವಿದ್ಯುತ್ ಚಾಲಿತ ಚಾರ್ಜರ್ ತಂದು, ಸ್ಪೀಕರುಗಳ ಮೂಲಕ ಕೃತಕ ಗುಡುಗು ಹೊರಡಿಸುವ ವ್ಯವಸ್ಥೆ ಅಳವಡಿಸಿತು. ಸಂಪ್ರದಾಯಸ್ಥರು ಮೂಗು ಮುರಿದರು. ಆ ಬೇಸರ ಅರ್ಥವಾಗುವಂಥದ್ದೇ, ಆದರೆ ಬಳಗಕ್ಕೆ ಅದರಿಂದ ಕುತ್ತಿಲ್ಲ. 1974ರಲ್ಲಿ ಮಸ್ಟಾಂಗ್ ಸೊರಗಿದ ಎರಡು ವರ್ಷಕ್ಕೆ, 1976ರಲ್ಲಿ, ಅಮೆರಿಕದ ಮಸ್ಟಾಂಗ್ ಕ್ಲಬ್ ಹುಟ್ಟಿತ್ತು. ಕಾರ್ಖಾನೆ ಕೈಬಿಟ್ಟಾಗಲೇ ಅಭಿಮಾನಿಗಳು ಗಟ್ಟಿಯಾಗಿ ಕೈ ಹಿಡಿದರು.

ನಮ್ಮ ನಂಟು

ಡೆಟ್ರಾಯಿಟ್ ಕನ್ನಡಿಗರಿಗೆ ಅಪರಿಚಿತ ಊರಲ್ಲ. ಅಲ್ಲಿನ ವಾಹನೋದ್ಯಮದಲ್ಲಿ ಕನ್ನಡಿಗ ಎಂಜಿನಿಯರುಗಳು ದಶಕಗಳಿಂದ ದುಡಿಯುತ್ತಿದ್ದಾರೆ, ಪಂಪ ಕನ್ನಡ ಕೂಟ ಅದೇ ನೆಲದಲ್ಲಿ ಯುಗಾದಿ, ರಾಜ್ಯೋತ್ಸವ ಆಚರಿಸುತ್ತ ಬಂದಿದೆ. ಅದಕ್ಕೂ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯ ಅಮೆರಿಕ, ಯುರೋಪ್ ಸುತ್ತಿ ಮೋಟಾರು ಉದ್ಯಮವನ್ನು ಅಧ್ಯಯನ ಮಾಡಿ, ಭಾರತದಲ್ಲಿ ಕಾರು ಕಾರ್ಖಾನೆ ಕಟ್ಟಲು ಪಟ್ಟು ಹಿಡಿದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಲು ಯೋಚಿಸಿದ್ದೂ ಉಂಟು. ಬ್ರಿಟಿಷ್ ಸರ್ಕಾರ ಒಲ್ಲೆನೆಂದಿತು. ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ಕ್ರೈಸ್ಲರ್ ಜೊತೆಗೂಡಿ ಡಾಡ್ಜ್ ವಾಹನಗಳನ್ನು ಜೋಡಿಸಿತು.

ಮಸ್ಟಾಂಗ್ ಅಧಿಕೃತವಾಗಿ ಭಾರತಕ್ಕೆ ಬಂದದ್ದು 2016ರಲ್ಲಿ, 5 ಲೀಟರಿನ ವಿ8 ಎಂಜಿನ್ನಿನೊಂದಿಗೆ. ಆಮದು ಸುಂಕ ಸೇರಿ ಬೆಲೆ 65 ಲಕ್ಷ ರೂಪಾಯಿ ಆಸುಪಾಸಾಯಿತು. ಅಮೆರಿಕದಲ್ಲಿ ಸಾಮಾನ್ಯರ ಕಾರಾದದ್ದು ಇಲ್ಲಿ ಸಿರಿವಂತರ ಒಡವೆಯಾಯಿತು. ಹಾಗಾಗಿ ನಮ್ಮಲ್ಲಿ ಆ ಕಾರಿನ ಬಳಗ ಚಿಕ್ಕದು. ಆದರೆ ಆ ಮನೋಧರ್ಮಕ್ಕೆ ವಿ8 ಬೇಕಿಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಿ ಅದು ಹಿಂದಿನಿಂದಲೂ ಇದೆ. ನಮಗೆ ಕೊರತೆಯಿರುವುದು ಜಾಗದ್ದು. ಸಾಮಾನ್ಯ ಕಾರಿನವನು ಶುಲ್ಕ ಕೊಟ್ಟು ಒಂದು ಸಂಜೆ ಓಡಿಸಿ ಬರಬಹುದಾದ ಕಾಯಂ ಹಾದಿ ಬೆಂಗಳೂರಿನಲ್ಲಿಲ್ಲ. ಟ್ರ್ಯಾಕ್ ಬೇಕೆಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಹೋಗಬೇಕು.

ಹಾಗಾಗಿ ವೇಗದ ಆಸೆ ವಿಮಾನ ನಿಲ್ದಾಣದ ರಸ್ತೆಗೆ, ವರ್ತುಲ ರಸ್ತೆಗೆ ನುಗ್ಗುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಜೈಲು ಶಿಕ್ಷೆಗೂ ಗುರಿಯಾಗುವ ಅಪರಾಧ. ಆದರೆ ದಂಡದಿಂದ ಮಾತ್ರ ಈ ಚಟ ನಿಲ್ಲದು. ಬೀದಿಯ ಹುಡುಗರಿಗೆ ಅಮೆರಿಕ 1951ರಲ್ಲೇ ಒಂದು ಹಾದಿ ತೋರಿಸಿತು. ನಮ್ಮ ಸರ್ಕಾರವೂ ಕ್ಲಬ್ಬುಗಳೂ ಸೇರಿ ಬೆಂಗಳೂರಿನ ಹೊರವಲಯದಲ್ಲಿ 402 ಮೀಟರ್ ನೇರ ಹಾದಿಯೊಂದನ್ನು, ಅದರ ಪಕ್ಕ ಆಂಬುಲೆನ್ಸ್ ಒಂದನ್ನು ಒದಗಿಸಲಿ. ಅಲ್ಲಿಯವರೆಗೆ ವೇಗದ ಕಾರು ಕೊಂಡ ಗೆಳೆಯರು ಮೊದಲು ಅನುಭವಿಗಳ ಒಂದು ಬಳಗ ಹುಡುಕಿಕೊಳ್ಳಲಿ, ಆಕ್ಸಿಲರೇಟರ್ ಒತ್ತುವುದು ಆಮೇಲಿರಲಿ.